ಮನೆಯ ಕೋಣೆಯೋ, ಬಾಡಿಗೆ ಸ್ಟುಡಿಯೋವೋ?

ಸ್ವತಂತ್ರ ಕಂಠದಾನ ಕಲಾವಿದರು ಮನೆಯಲ್ಲೇ ಧ್ವನಿಮುದ್ರಣದ ವ್ಯವಸ್ಥೆ ಮಾಡಿಕೊಳ್ಳಬೇಕೇ, ಗಂಟೆಯ ಲೆಕ್ಕದಲ್ಲಿ ಸ್ಟುಡಿಯೋ ಹಿಡಿಯಬೇಕೇ ಎಂಬುದು ಅವರ ಕೆಲಸದ ಸ್ವರೂಪವನ್ನು ಅವಲಂಬಿಸಿದೆ.

ಖರ್ಚಿನ ದೃಷ್ಟಿಯಿಂದ, ಮೈಕ್, ಅದರ ಧ್ವನಿಯನ್ನು ಕಂಪ್ಯೂಟರಿಗೆ ತಲುಪಿಸುವ ಆಡಿಯೋ ಇಂಟರ್‌ಫೇಸ್, ಹೆಡ್‌ಫೋನ್‌ಗಳಿಗೆ ಹಣ ಹಾಕುವುದು ಆರಂಭದಲ್ಲಿ ಭಾರವೆನಿಸಿದರೂ, ಹೆಚ್ಚಿನ ಆಡಿಷನ್‌ಗಳಿಗೆ ಸಂಭಾವನೆಯೇ ಇಲ್ಲದಿರುವಾಗ ಪ್ರತಿಯೊಂದಕ್ಕೂ ಬಾಡಿಗೆ ತೆರುವುದು ಕಾರ್ಯಸಾಧ್ಯವಲ್ಲ.

ನಿಜವಾದ ತೊಡಕಿರುವುದು ಶಬ್ದದ ಗುಣಮಟ್ಟದಲ್ಲಿ. ಆಡಿಯೋಬುಕ್ ವೇದಿಕೆಯಾದ ಎಸಿಎಕ್ಸ್, ಹಿನ್ನೆಲೆ ಸದ್ದು (ಧ್ವನಿಮುದ್ರಣದ ಗರಿಷ್ಠ ಮಟ್ಟವನ್ನು ಸೊನ್ನೆಯೆಂದು ಹಿಡಿದರೆ) ಮೈನಸ್ 60 ಡೆಸಿಬಲ್‌ಗಿಂತ ಕೆಳಗಿರಬೇಕೆಂದು ಕೇಳುತ್ತದೆ. ದಪ್ಪ ಕಂಬಳಿಗಳೂ ಬಟ್ಟೆ ತುಂಬಿದ ಕಪಾಟೂ ಕೋಣೆಯ ಪ್ರತಿಧ್ವನಿಯನ್ನು ಹೀರಿಕೊಳ್ಳುತ್ತವೆಯೇ ಹೊರತು ಹೊರಗಿನ ಲಾರಿಯ ಗುಡುಗನ್ನು ತಡೆಯಲಾರವು. ಸೂಕ್ಷ್ಮ ಸದ್ದನ್ನೂ ಗ್ರಹಿಸುವ ದುಬಾರಿ ಕಂಡೆನ್ಸರ್ ಮೈಕ್ ಆ ಗುಡುಗನ್ನೂ ಅಷ್ಟೇ ಸ್ಪಷ್ಟವಾಗಿ ಹಿಡಿದುಕೊಡುತ್ತದೆ. ಸ್ಟುಡಿಯೋದಲ್ಲಿ ಈ ಚಿಂತೆಯಿಲ್ಲ, ತಾಂತ್ರಿಕ ಹೊಣೆಯನ್ನು ಎಂಜಿನಿಯರ್ ಹೊರುವುದರಿಂದ ಕಲಾವಿದರ ಗಮನ ಅಭಿನಯದ ಮೇಲಷ್ಟೇ ಇರುತ್ತದೆ.

ಆದ್ದರಿಂದ ದೀರ್ಘ ಆಡಿಯೋಬುಕ್, ಪಾಠದ ನಿರೂಪಣೆ ಮತ್ತು ನಿತ್ಯದ ಆಡಿಷನ್‌ಗಳನ್ನು ನೆಚ್ಚಿಕೊಂಡವರಿಗೆ, ಧ್ವನಿ ಸಂಕಲನ (ಎಡಿಟಿಂಗ್) ಕಲಿಯುವ ತಾಳ್ಮೆಯಿದ್ದರೆ, ಮನೆಯ ಕೋಣೆಯೇ ಅನುಕೂಲ. ನಿರ್ದೇಶಕರ ಸಮ್ಮುಖದಲ್ಲಿ ನಡೆಯುವ ಜಾಹೀರಾತು, ಡಬ್ಬಿಂಗ್ ಕೆಲಸಗಳಿಗೆ, ಅಥವಾ ಗದ್ದಲದ ರಸ್ತೆಯ ಪಕ್ಕ ವಾಸಿಸುವವರಿಗೆ, ಸ್ಟುಡಿಯೋದ ಬಾಡಿಗೆ ಸಾರ್ಥಕವಾದ ವೆಚ್ಚ.