ಜ್ಯಾಂಗೋಗೆ ಮ್ಯಾನೇಜ್‌ಮೆಂಟ್ ಒಪ್ಪಿಸೋಕೆ ಸ್ಲೈಡಾ, ಚಿಕ್ಕ ಟೂಲಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಟೂಲ್‌ಗೆ. ಜ್ಯಾಂಗೋ (ಪೈಥಾನ್‌ನಲ್ಲಿ ವೆಬ್ ಆ್ಯಪ್ ಕಟ್ಟೋಕೆ ಇರುವ ಸಿದ್ಧ ಚೌಕಟ್ಟು) ಬೇಕು ಅಂತ ಮ್ಯಾನೇಜ್‌ಮೆಂಟ್ ಹಿಂದೆ ಬಿದ್ದಾಗ ಎರಡನ್ನೂ ಮಾಡಿ ನೋಡಿದ್ದೇನೆ. ಹೊರಗಿನ ಕನ್ಸಲ್ಟೆಂಟ್ ಒಬ್ಬರನ್ನು ಕರೆಸಬಹುದಿತ್ತು. ಆದರೆ ಅದಕ್ಕೆ ದುಡ್ಡು ಕೇಳೋಕೂ ಒಂದು ಸ್ಲೈಡ್ ಬೇಕು!

ಸ್ಲೈಡ್‌ಗಳನ್ನು ಚೆನ್ನಾಗಿಯೇ ಮಾಡಿದ್ದೆ. ವೇಗದ ಗ್ರಾಫನ್ನು ಯಾರೂ ಕಣ್ಣೆತ್ತಿ ನೋಡಲಿಲ್ಲ. ಇಡೀ ಮೀಟಿಂಗ್ ಒಂದೇ ಪ್ರಶ್ನೆಗೆ ಸಿಕ್ಕಿಕೊಂಡಿತು: "ಏನಾದ್ರೂ ಕೆಟ್ಟರೆ ಯಾರಿಗೆ ಫೋನ್ ಮಾಡೋದು?"

ಉತ್ತರ ನನ್ನ ಹತ್ತಿರ ಇತ್ತು. ಜ್ಯಾಂಗೋ 2005ರಿಂದ ಎಲ್ಲರಿಗೂ ಸಿಗುತ್ತಿದೆ, 2008ರಿಂದ ಅದಕ್ಕೇ ಅಂತ ಒಂದು ಫೌಂಡೇಶನ್ ಇದೆ, ಬಿಎಸ್‌ಡಿ ಲೈಸೆನ್ಸ್ (ಪುಕ್ಕಟೆ ಬಳಸಬಹುದು, ಬದಲಿಸಬಹುದು), ಎಲ್‌ಟಿಎಸ್ (ಹೆಚ್ಚು ಕಾಲ ಸಪೋರ್ಟ್ ಇರುವ) ಆವೃತ್ತಿಗೆ ಮೂರು ವರ್ಷ ಸೆಕ್ಯೂರಿಟಿ ಫಿಕ್ಸ್. ಒಂದೊಂದು ಉತ್ತರಕ್ಕೂ ಹೊಸ ಪ್ರಶ್ನೆ ಹುಟ್ಟಿತು. ಫೌಂಡೇಶನ್ ಜೊತೆ ಕಾಂಟ್ರ್ಯಾಕ್ಟ್ ಮಾಡ್ಕೋಬಹುದಾ? ಇಲ್ಲ. ಮತ್ತೆ ಪುಕ್ಕಟೆ ಯಾಕೆ ಕೊಡ್ತಾರೆ? ಮೂರು ವರ್ಷ ಆದ್ಮೇಲೆ? ಅಪ್‌ಗ್ರೇಡ್ ಮಾಡ್ಬೇಕು ಸಾರ್. ಅದಕ್ಕೆಷ್ಟು ದಿನ ಬೇಕು? ನಾನು ಅಂದಾಜು ಹೇಳಿದೆ, ಅವರು ನಂಬಲಿಲ್ಲ. ಯಾಕೆ ನಂಬಬೇಕು ಹೇಳಿ? ಸ್ಲೈಡ್‌ನಲ್ಲಿ ಅಪ್‌ಗ್ರೇಡ್ ಮಾಡಿ ತೋರಿಸೋಕೆ ಆಗಲ್ಲ ಅಲ್ವಾ. "ಮುಂದೆ ನೋಡೋಣ" ಅಂತ ಎದ್ದು ಹೋದರು.

ಆಮೇಲೆ ಟೂಲ್. ಯಾವ ಲ್ಯಾಪ್‌ಟಾಪ್, ಯಾವ ಮಾನಿಟರ್ ಯಾರ ಹತ್ತಿರ ಇದೆ ಅನ್ನುವ ಲೆಕ್ಕ ನಮ್ಮಲ್ಲಿ ಒಂದು ಎಕ್ಸೆಲ್ ಶೀಟ್‌ನಲ್ಲಿತ್ತು. ಅದನ್ನೇ ಜ್ಯಾಂಗೋ 4.2ರಲ್ಲಿ ಕಟ್ಟಿದೆ. ಮಾಡೆಲ್ (ಯಾವ ಯಾವ ಮಾಹಿತಿ ಇಡಬೇಕು ಅನ್ನುವ ವಿವರ) ಬರೆದು ರಿಜಿಸ್ಟರ್ ಮಾಡಿದರೆ, ಆ ಮಾಹಿತಿ ಸೇರಿಸಿ ತಿದ್ದುವ ಅಡ್ಮಿನ್ ಪುಟ ತಾನಾಗಿ ಬರುತ್ತದೆ; ಸರ್ಚ್, ಫಿಲ್ಟರ್‌ಗೆ ಒಂದೊಂದು ಸಾಲು ಸಾಕು. ಲೆಕ್ಕ ನೋಡಿಕೊಳ್ಳುವವರು ಮಾತ್ರ ಮೆಚ್ಚಿದ್ದು ಹಿಸ್ಟರಿ ಬಟನ್ನನ್ನು. ಒತ್ತಿದರೆ ಯಾರು, ಯಾವಾಗ, ಯಾವ ಫೀಲ್ಡ್ ಬದಲಿಸಿದರು ಅಂತ ಕಾಣುತ್ತದೆ. ಶೀಟ್‌ನ ವಿಷಯಕ್ಕೆ ದಿನಾ ಆಗುತ್ತಿದ್ದ "ನಾನಲ್ಲ, ಅವನು" ಜಗಳ ನಿಂತಿತು.

4.2ರ ಸಪೋರ್ಟ್ 2026ರ ಏಪ್ರಿಲ್‌ಗೆ ಮುಗಿಯುವುದಿತ್ತು. ಅದಕ್ಕೆ ಮೊದಲೇ, ಮ್ಯಾನೇಜರ್‌ರನ್ನು ಪಕ್ಕದಲ್ಲಿ ಕೂರಿಸಿಕೊಂಡು 5.2ಗೆ ಏರಿಸಿದೆ. ನಾನು ಮಾಡಿದ ಪುಟದ ಲಾಗ್‌ಔಟ್ ಲಿಂಕ್ ಕೈಕೊಟ್ಟಿತು. ರಿಲೀಸ್ ನೋಟ್ಸ್ ತೆಗೆದರೆ ಕಾರಣ ಅಲ್ಲೇ ಇದೆ: 5.0ರಿಂದ ಗೆಟ್ ಮೂಲಕ (ಬರೀ ಲಿಂಕ್ ಒತ್ತಿ) ಲಾಗ್‌ಔಟ್ ಇಲ್ಲ, ಪೋಸ್ಟ್ (ಫಾರ್ಮ್ ಮೂಲಕ ಕಳಿಸುವುದು) ಬೇಕು. ಲಿಂಕ್ ತೆಗೆದು ಪುಟ್ಟ ಫಾರ್ಮ್ ಹಾಕಿದೆ, ಸರಿಹೋಯಿತು. ಕೆಟ್ಟಿದ್ದನ್ನೂ ಸರಿಯಾಗಿದ್ದನ್ನೂ ಅವರೇ ಕಣ್ಣಾರೆ ನೋಡಿದರು. ಫೋನ್ ಪ್ರಶ್ನೆ ಮತ್ತೆ ಬರಲಿಲ್ಲ. ಮುಂದಿನ ಪ್ರಾಜೆಕ್ಟ್‌ಗೆ ಜ್ಯಾಂಗೋ ಅಂತ ಆಯಿತು.

ಟೂಲ್‌ನ ಕಾಟವೂ ಇದೆ. ಸಂಜೆಗಳು ಹೋಗುತ್ತವೆ, "ಇನ್ನೊಂದು ಕಾಲಂ ಹಾಕ್ಕೊಡಿ" ಅನ್ನುವವರು ಬಿಡುವುದಿಲ್ಲ. ನನಗದು ಪರವಾಗಿಲ್ಲ. ಮೀಟಿಂಗ್‌ನಲ್ಲಿ ಮಾತಾಡುವುದಕ್ಕಿಂತ ಕೋಡ್ ಬರೆಯುವುದು ಸಲೀಸು, ಬಜೆಟ್ಟಂತೂ ಸೊನ್ನೆ. ಮಾತಿನಲ್ಲೇ ಗೆಲ್ಲುವವರು ಸ್ಲೈಡ್ ಹಿಡಿಯಲಿ, ಬೇಡ ಅನ್ನಲ್ಲ. ನಾನೂ ಅದರಿಂದ ಲೈಸೆನ್ಸ್ ಮತ್ತು ಎಲ್‌ಟಿಎಸ್ ದಿನಾಂಕಗಳ ಒಂದು ಪುಟ ಉಳಿಸಿಕೊಂಡಿದ್ದೇನೆ. ಲೀಗಲ್‌ನವರಿಗೆ ಟೂಲ್ ತೋರಿಸಿ ಪ್ರಯೋಜನವಿಲ್ಲ, ಅವರಿಗೆ ಕಾಗದವೇ ಬೇಕು.