ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ: ನೇರ ವಿಮಾನವೋ, ದುಬೈಯೋ, ಫ್ರಾಂಕ್‌ಫರ್ಟೋ?

ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣಗಳ ನಡುವಿನ ಅತಿ ಹತ್ತಿರದ ಆಕಾಶಮಾರ್ಗ ಸುಮಾರು 14,000 ಕಿಲೋಮೀಟರ್. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಲ್ಲಿ ಮಕ್ಕಳಿರುವ ಮನೆಗಳಲ್ಲಿ ಟಿಕೆಟ್ ಮಾತು ಬಂದಾಗಲೆಲ್ಲ ಚರ್ಚೆ ಬೆಲೆ ಮತ್ತು ಒಟ್ಟು ಗಂಟೆಗಳಲ್ಲೇ ಮುಗಿದುಹೋಗುತ್ತದೆ. ಮೂರೂ ದಾರಿಗಳಲ್ಲಿ ಓಡಾಡಿದ ಮೇಲೆ, ಈ ದೂರ ಎಲ್ಲಿ ತುಂಡಾಗುತ್ತದೆ ಎಂಬುದನ್ನು ಮೊದಲು ನೋಡಬೇಕು ಎಂಬ ಅಭಿಪ್ರಾಯಕ್ಕೆ ನಾನು ಬಂದಿದ್ದೇನೆ.

ಏರ್ ಇಂಡಿಯಾ 2021ರ ಜನವರಿಯಲ್ಲಿ ನೇರ ಸೇವೆ ಆರಂಭಿಸಿದಾಗ, ಮೊದಲ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಉತ್ತರ ಧ್ರುವದ ಮೇಲಿಂದ ಬೆಂಗಳೂರಿಗೆ ತಂದಿತ್ತು. ಗ್ಲೋಬಿನ ಮೇಲೆ ಎರಡೂ ಊರುಗಳಿಗೆ ದಾರ ಬಿಗಿದು ಹಿಡಿದರೆ ಅದು ಟಿಬೆಟ್, ಸೈಬೀರಿಯಾ, ಅಲಾಸ್ಕಾಗಳ ಮೇಲೆ ಹಾಯುತ್ತದೆ. ಆದರೆ ಕ್ಯಾಬಿನ್‌ನಲ್ಲಿ ಗಾಳಿಯ ಒತ್ತಡ ಕುಸಿದರೆ ವಿಮಾನ ತಕ್ಷಣ ಸುಮಾರು 10,000 ಅಡಿಗೆ ಇಳಿಯಬೇಕಾಗುತ್ತದೆ, ಟಿಬೆಟ್‌ನ ನೆಲವೇ ಅದಕ್ಕಿಂತ ಎತ್ತರದಲ್ಲಿರುವುದರಿಂದ ವಿಮಾನಗಳು ಸಾಮಾನ್ಯವಾಗಿ ಅದನ್ನು ತಪ್ಪಿಸಿ ಸುತ್ತಿಕೊಂಡು ಹೋಗುತ್ತವೆ. ಹೀಗಾಗಿ ಗಾಳಿಯ ದಿಕ್ಕಿಗೆ ತಕ್ಕಂತೆ ಹದಿನಾರು, ಹದಿನೇಳು ಗಂಟೆ ಹಿಡಿಯುತ್ತದೆ. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹದಿಮೂರೂವರೆ ಗಂಟೆ ಹಿಂದಿರುವುದರಿಂದ, ಮಧ್ಯಾಹ್ನ ಬೆಂಗಳೂರು ಬಿಟ್ಟವರು ಅದೇ ತಾರೀಖಿನ ಸಂಜೆ ಅಲ್ಲಿ ಇಳಿಯುತ್ತಾರೆ. ಇಂಗ್ಲಿಷ್ ಅಷ್ಟಾಗಿ ಬಾರದ, ಮೊದಲ ಬಾರಿಗೆ ಹೊರಟ ಅಪ್ಪ ಅಮ್ಮನಿಗೆ ಇದಕ್ಕಿಂತ ನೆಮ್ಮದಿಯ ದಾರಿ ಇನ್ನೊಂದಿಲ್ಲ. ಆದರೆ ಈ ಸೇವೆಯನ್ನೇ ನೆಚ್ಚಿಕೊಳ್ಳುವಂತಿಲ್ಲ, ನಡುವೆ ನಿಂತು 2022ರ ಡಿಸೆಂಬರ್‌ನಲ್ಲಿ ಮತ್ತೆ ಶುರುವಾದದ್ದೂ ಉಂಟು. ಆದ್ದರಿಂದ ದಿನಾಂಕ ನಿಗದಿ ಮಾಡುವ ಮುನ್ನ ಸೇವೆ ಇದೆಯೇ ಎಂದು ನೋಡಿಕೊಳ್ಳಬೇಕು.

ದುಬೈ ದಾರಿ ಲೆಕ್ಕದಲ್ಲಿ ಬಹಳ ಆಕರ್ಷಕವಾಗಿದೆ. ಬೆಂಗಳೂರಿನಿಂದ ದುಬೈಗೆ ಸುಮಾರು 2,700, ಅಲ್ಲಿಂದ ಮುಂದೆ ಸುಮಾರು 13,000 ಕಿಲೋಮೀಟರ್, ಅಂದರೆ ನೇರ ಮಾರ್ಗಕ್ಕಿಂತ 1,700 ಮಾತ್ರ ಹೆಚ್ಚು. ನನ್ನ ತಕರಾರು ಇರುವುದೇ ಇಲ್ಲಿ. ನಾಲ್ಕು ಗಂಟೆ ಹಾರಿ ಇಳಿದು, ನಿಲ್ದಾಣದಲ್ಲಿ ಕಾದು, ಮತ್ತೆ ಹತ್ತಿದರೆ ಮುಂದೆ ಸುಮಾರು ಹದಿನಾರು ಗಂಟೆಯ ಹಾರಾಟ ಹಾಗೆಯೇ ಬಾಕಿ ಇರುತ್ತದೆ. ಕಾಲು ಊದುವುದು, ಸೊಂಟ ಹಿಡಿಯುವುದು ಯಾವುದೂ ತಪ್ಪುವುದಿಲ್ಲ. ಸಿಂಗಪುರದ ದಾರಿಗೂ ಇದೇ ಮಾತು ಅನ್ವಯಿಸುತ್ತದೆ.

ಫ್ರಾಂಕ್‌ಫರ್ಟ್ ಮೂಲಕ ಹೋದರೆ 7,400 ಮತ್ತು 9,150, ಒಟ್ಟು 16,550 ಕಿಲೋಮೀಟರ್ ಆಗುತ್ತದೆ. ಕಾಯುವುದೂ ಸೇರಿ ಇಪ್ಪತ್ನಾಲ್ಕು, ಇಪ್ಪತ್ತೈದು ಗಂಟೆ. ಮೂರರಲ್ಲಿ ಇದೇ ಅತಿ ಉದ್ದದ ದಾರಿಯಾದರೂ ಒಬ್ಬನೇ ಹೊರಟಾಗ ನಾನು ಆರಿಸಿಕೊಳ್ಳುವುದು ಇದನ್ನೇ, ಏಕೆಂದರೆ ಒಮ್ಮೆ ಹತ್ತು ಗಂಟೆ, ಇನ್ನೊಮ್ಮೆ ಹನ್ನೊಂದೂವರೆ ಗಂಟೆ ಕುಳಿತರೆ ಮುಗಿಯಿತು. ನಡುವೆ ಮುಖ ತೊಳೆದು, ಉದ್ದದ ಕಾರಿಡಾರಿನಲ್ಲಿ ಚೆನ್ನಾಗಿ ನಡೆದಾಡಿದ ದೇಹಕ್ಕೆ ಎರಡನೆಯ ವಿಮಾನ ಹೊಸ ಪ್ರಯಾಣದಂತಿರುತ್ತದೆ. ಭಾರತದಿಂದ ಬಂದವರಿಗೆ ಅಲ್ಲಿ ಮತ್ತೊಮ್ಮೆ ಭದ್ರತಾ ತಪಾಸಣೆ ಇರುವುದರಿಂದ ಕೈಚೀಲದಲ್ಲಿ ತುಪ್ಪ, ಉಪ್ಪಿನಕಾಯಿ ಇಟ್ಟುಕೊಳ್ಳಬಾರದು, ಎರಡು ವಿಮಾನಗಳ ನಡುವೆ ಮೂರು ಗಂಟೆಯಾದರೂ ಇರಬೇಕು. ನೇರ ವಿಮಾನ ಸಿಗದಿದ್ದಾಗ ಹಿರಿಯರನ್ನೂ ಈ ದಾರಿಯಲ್ಲೇ ಕಳಿಸಿ, ಟಿಕೆಟ್ ಕೊಳ್ಳುವಾಗಲೇ ಗಾಲಿಕುರ್ಚಿ ಕೇಳಿ ಬರೆಸಿಡಿ. ಸಹಾಯಕರೇ ತಪಾಸಣೆ ದಾಟಿಸಿ ಮುಂದಿನ ಗೇಟಿನವರೆಗೆ ಕರೆದುಕೊಂಡು ಹೋಗುತ್ತಾರೆ.