ವೀಲ್ ಕೋಟಿಂಗ್ ಮಾಡಿಸುವವರೇ ಎಚ್ಚರ: ಒಂದು ಚಕ್ರವನ್ನೂ ಬಿಚ್ಚದೆ ನನ್ನ ಹತ್ತಿರ ಪೂರ್ತಿ ದುಡ್ಡು ತೆಗೆದುಕೊಂಡರು

ಅಲಾಯ್ ವೀಲ್‌ಗೆ ಸೆರಾಮಿಕ್ ಕೋಟಿಂಗ್ (ಬಣ್ಣದ ಮೇಲೆ ಹಚ್ಚುವ, ಒಣಗಿ ಗಟ್ಟಿಯಾಗುವ ತೆಳು ರಕ್ಷಣಾ ಪದರ) ಮಾಡಿಸೋದಾ ಬೇಡ್ವಾ ಅಂತ ಯೋಚಿಸುತ್ತಿರುವವರು ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ಪೂರ್ತಿ ಓದಿ. ನನಗಿನ್ನೂ ಸಿಟ್ಟು ಇಳಿದಿಲ್ಲ. ದುಡ್ಡು ಹೋಗಿದ್ದಕ್ಕಿಂತ ಜಾಸ್ತಿ, ಎದುರಿಗೆ ನಿಲ್ಲಿಸಿಕೊಂಡು ನಾಟಕ ಆಡಿದರಲ್ಲ, ಅದು ಉರಿಯುತ್ತಿದೆ.

ನನ್ನ ತಲೆನೋವು ನಿಮಗೂ ಗೊತ್ತಿರುವಂಥದ್ದೇ. ಮುಂದಿನ ಚಕ್ರಗಳು ತೊಳೆದ ಬೆನ್ನಲ್ಲೇ ಕಪ್ಪಾಗುತ್ತವೆ. ಬ್ರೇಕ್ ಹಾಕಿದಾಗ ಡಿಸ್ಕೂ ಪ್ಯಾಡೂ ಉಜ್ಜಿ ಕಬ್ಬಿಣದ ಪುಡಿ ಉದುರುತ್ತದೆ. ಆ ಬಿಸಿ ಪುಡಿ ಚಕ್ರದ ಮೇಲಿನ ಪಾರದರ್ಶಕ ಪದರವಾದ ಲ್ಯಾಕರ್‌ಗೆ ಕಚ್ಚಿಕೊಂಡು, ನೀರು ತಾಗಿದಾಗ ಅಲ್ಲೇ ತುಕ್ಕು ಹಿಡಿಯುತ್ತದೆ. ಆಮೇಲೆ ಶಾಂಪೂ ಹಾಕಿ ಎಷ್ಟು ಉಜ್ಜಿದರೂ ಕಂದು ಚುಕ್ಕೆ ಹೋಗುವುದಿಲ್ಲ. ಇದಕ್ಕೆ ಕೋಟಿಂಗ್ ಒಳ್ಳೆಯದು ಅಂತ ಕೇಳಿದ್ದೆ. ಅದು ಸುಳ್ಳೂ ಅಲ್ಲ. ಧೂಳು ಬರುವುದು ನಿಲ್ಲುವುದಿಲ್ಲ, ಆದರೆ ಗಟ್ಟಿಯಾಗಿ ಕಚ್ಚಿಕೊಳ್ಳುವುದಿಲ್ಲ, ತೊಳೆಯುವುದು ಸಲೀಸು. ಸರಿಯಾಗಿ ಹಾಕಿದ್ದರೆ ಮಾತ್ರ!

ಡೀಟೇಲಿಂಗ್ ಅಂಗಡಿಯವರು (ಕಾರು ತೊಳೆದು ಪಾಲಿಶ್, ಕೋಟಿಂಗ್ ಮಾಡುವವರು) ಹೇಳಿದ್ದು ಇದು: "ನಾಲ್ಕೂ ವೀಲ್ ಬಿಚ್ತೀವಿ ಸಾರ್. ಒಳಗೂ ಹೊರಗೂ ಕೋಟ್ ಮಾಡ್ತೀವಿ. 9ಎಚ್ ಕೋಟಿಂಗ್, ಹೆಚ್ಚುಕಮ್ಮಿ ವಜ್ರದಷ್ಟು ಗಟ್ಟಿ. ಕಲ್ಲು ಹೊಡೆದ್ರೂ ಗೀರಾಗಲ್ಲ." ಬಿಚ್ಚಿ ಮಾಡುತ್ತಾರೆ ಅನ್ನುವ ಒಂದೇ ಕಾರಣಕ್ಕೆ ಬೇರೆ ಅಂಗಡಿಗಿಂತ ಜಾಸ್ತಿ ರೇಟಿಗೆ ಒಪ್ಪಿದೆ.

ಈ 9ಎಚ್ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಎಲ್ಲರಿಗೂ ಇದನ್ನೇ ಹೇಳಿ ಮಾರುತ್ತಾರೆ. 9ಎಚ್ ಅನ್ನುವುದು ಪೆನ್ಸಿಲ್ ಸೀಸದ ಗಡಸು. ಬಣ್ಣದ ಪದರದ ಮೇಲೆ ಬೇರೆ ಬೇರೆ ಪೆನ್ಸಿಲ್ ಎಳೆದು ಯಾವುದಕ್ಕೆ ಗೀರಾಗುತ್ತದೆ ಅಂತ ನೋಡುವ ಪರೀಕ್ಷೆ ಅದು. ವಜ್ರದ ಗಡಸು ಅಳೆಯುವ ಲೆಕ್ಕವೇ ಬೇರೆ. ಕೋಟಿಂಗ್ ದಪ್ಪ ಸಾಮಾನ್ಯವಾಗಿ ಒಂದೆರಡು ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಇದ್ದರೆ ಹೆಚ್ಚು. ಫುಟ್‌ಪಾತ್ ಅಂಚಿಗೆ ಚಕ್ರ ಉಜ್ಜಿದರೆ ಅದೂ ಹೋಗುತ್ತದೆ, ಕೆಳಗಿನ ಬಣ್ಣವೂ ಹೋಗುತ್ತದೆ.

ಬೆಳಿಗ್ಗೆ ಕಾರು ಬಿಟ್ಟೆ. ಅವತ್ತೇ ಸಂಜೆ "ರೆಡಿ ಸಾರ್, ಬನ್ನಿ" ಅಂತ ಫೋನ್. ಹೋದೆ. ಚಕ್ರ ಫಳಫಳ ಹೊಳೆಯುತ್ತಿತ್ತು. ಅಂಗಡಿಯವನು ಸ್ಪ್ರೇ ಬಾಟಲ್ ತಂದು ಮುಂದಿನ ಚಕ್ರಕ್ಕೆ ನೀರು ಹೊಡೆದ. ನೀರು ಮುತ್ತುಮುತ್ತಾಗಿ ಸ್ಪೋಕ್ ಮೇಲಿಂದ ಉರುಳಿತು. "ನೋಡಿ ಸಾರ್, ಒಂದು ಹನಿ ನಿಲ್ಲಲ್ಲ" ಅಂದ. ಹುಡುಗರೆಲ್ಲ ಸುತ್ತ ನಿಂತು ನಗುತ್ತಿದ್ದರು. ನಾನು ವಿಡಿಯೋ ಮಾಡಿ ಭಾವನಿಗೆ ಕಳಿಸಿದೆ. ಅವರೂ ಅಲ್ಲೇ ಬುಕ್ ಮಾಡಿದರು.

ಆ ನೀರಿನ ಆಟವೇ ಮೋಸ. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ನಿಜವಾದ ಕೋಟಿಂಗ್ ಹಾಕಿದ ಮೇಲೆ ಸಾಮಾನ್ಯವಾಗಿ 12 ಗಂಟೆಯಿಂದ ಒಂದು ಇಡೀ ದಿನದವರೆಗೆ ನೀರು ತಾಗಿಸಬಾರದು. ಪೂರ್ತಿ ಗಟ್ಟಿಯಾಗುವುದಕ್ಕೆ ಇನ್ನೂ ಕೆಲವು ದಿನ ಬೇಕು. ಹಾಕಿದ ಸಂಜೆಯೇ ನೀರು ಹೊಡೆದು ತೋರಿಸುತ್ತಾನೆ ಅಂದರೆ ಏನರ್ಥ? ನೀರು ಮುತ್ತಾಗಿ ಉರುಳುವುದಕ್ಕೆ ಕೋಟಿಂಗೇ ಬೇಕಿಲ್ಲ. ವ್ಯಾಕ್ಸ್ ಹಚ್ಚಿದರೂ ಉರುಳುತ್ತದೆ, ಸ್ಪ್ರೇ ಹೊಡೆದು ಒರೆಸುವ ಸೀಲೆಂಟ್‌ಗೂ ಉರುಳುತ್ತದೆ. ಕೆಲವೇ ವಾರ, ಅಷ್ಟೇ.

ನನ್ನದೂ ಹಾಗೇ ಆಯ್ತು. ಸ್ವಲ್ಪ ದಿನಕ್ಕೆ ಮತ್ತೆ ಅದೇ ಕಪ್ಪು, ಅದೇ ಉಜ್ಜಾಟ. ಆದರೂ ಸುಮ್ನಿದ್ದೆ.

ಆಮೇಲೆ ಚಕ್ರಗಳ ಜಾಗ ಬದಲಿಸುವ ಟೈರ್ ರೊಟೇಷನ್‌ಗೆ ಅಂತ ಟೈರ್ ಅಂಗಡಿಗೆ ಹೋದೆ. ನಟ್ ಬಿಚ್ಚಿದರೂ ಮುಂದಿನ ಚಕ್ರ ಹೊರಗೆ ಬರಲೇ ಇಲ್ಲ. ತುಕ್ಕು ಹಿಡಿದು, ಚಕ್ರ ಕೂರುವ ನಡುಭಾಗದ ಹಬ್‌ಗೆ ಅಂಟಿಕೊಂಡಿತ್ತು. ಹುಡುಗ ಟೈರಿಗೆ ಕಾಲಲ್ಲಿ ಒದ್ದು ಒದ್ದು ಬಿಡಿಸಿದ. "ಸಾರ್, ಇದನ್ನ ತುಂಬಾ ದಿನದಿಂದ ಯಾರೂ ಬಿಚ್ಚಿಲ್ಲ" ಅಂದ. "ಇತ್ತೀಚೆಗೆ ಬಿಚ್ಚಿ ಕೋಟಿಂಗ್ ಮಾಡಿಸಿದೀನಿ" ಅಂದೆ. ಅವನು ಏನೂ ಹೇಳಲಿಲ್ಲ. ಚಕ್ರ ತಿರುಗಿಸಿ ಒಳಭಾಗ ತೋರಿಸಿದ.

ಒಳಗೆಲ್ಲ ಹಳೇ ಬ್ರೇಕ್ ಧೂಳು ಹಕ್ಕಳೆಗಟ್ಟಿತ್ತು. ಸ್ಪೋಕ್ ಹಿಂದೆ ಎರಡು ಬೆರಳು ಹೋಗುವಷ್ಟು ದೂರ ಮಾತ್ರ ಹೊಳಪು, ಅಲ್ಲಿಂದಾಚೆ ಕಪ್ಪು. ಗೆರೆ ಎಳೆದ ಹಾಗೆ. ಆ ಗೆರೆಯ ಕೆಳಗೆ ನೇರಳೆ ಬಣ್ಣದ ನೀರು ಸೋರಿ ಒಣಗಿದ ಕಲೆ. ಐರನ್ ರಿಮೂವರ್ (ಕಬ್ಬಿಣದ ಪುಡಿ ಕರಗಿಸುವ ದ್ರಾವಣ) ಕಬ್ಬಿಣಕ್ಕೆ ತಾಗಿದರೆ ನೇರಳೆಯಾಗುತ್ತದೆ, ಗೊತ್ತಲ್ವಾ? ಅದನ್ನು ಹೊರಗಿನಿಂದಲೇ ಹೊಡೆದಿದ್ದಾರೆ, ಒಳಗೆ ತೊಳೆದೂ ಇಲ್ಲ. ಕೊಳೆ ಬಟ್ಟೆಗೆ ಇಸ್ತ್ರಿ ಹೊಡೆದು ಕೊಟ್ಟ ಹಾಗೆ. ಬಿಚ್ಚೇ ಇಲ್ಲ. ನಾಲ್ಕರಲ್ಲಿ ಒಂದನ್ನೂ ಬಿಚ್ಚಿಲ್ಲ! ಟೈರ್ ಅಂಗಡಿಯಲ್ಲಿ ಅಷ್ಟು ಜನರ ಮುಂದೆ ನನಗೆ ತಲೆ ಎತ್ತಲು ಆಗಲಿಲ್ಲ.

ಅಲ್ಲಿಂದಲೇ ಫೋನ್ ಮಾಡಿದೆ.

ಮೊದಲ ಉತ್ತರ: "ಯಾವ ಶಾಂಪೂ ಹಾಕಿದ್ರಿ ಸಾರ್? ಆ್ಯಸಿಡ್ ಕ್ಲೀನರ್ ಹಾಕಿದ್ರೆ ಕೋಟಿಂಗ್ ಹೋಗುತ್ತೆ." ನಾನು ಹಾಕಿದ್ದು ಅವರೇ ಮಾರಿದ ಶಾಂಪೂ. ಅದನ್ನು ಹೇಳಿದೆ.

"ಹಾಗಾದ್ರೆ ಸರ್ವಿಸ್ ಸೆಂಟರ್‌ನಲ್ಲಿ ತೊಳೆದಿರ್ತಾರೆ." ಸರ್ವಿಸ್‌ಗೇ ಹೋಗಿಲ್ಲ ಅಂದೆ.

ಫೋಟೋ ಕಳಿಸಿದೆ. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಬಂದ ಮಾತು ಕೇಳಿ: "ಒಳಗಡೆ ಯಾರು ನೋಡ್ತಾರೆ ಸಾರ್?"

ಯಾರು ನೋಡ್ತಾರಂತೆ! ಧೂಳು ಜಾಸ್ತಿ ಕೂರುವುದೇ ಒಳಗೆ. ಬಿಚ್ಚಿ ಮಾಡುತ್ತೇವೆ ಅಂತ ಬಾಯಲ್ಲಿ ಹೇಳಿ ಅದಕ್ಕೇ ಹೆಚ್ಚು ದುಡ್ಡು ತೆಗೆದುಕೊಂಡವರು ಇವರೇ. ವಾರಂಟಿ ಕೇಳಿದರೆ, "ನೀವು ಮೆಂಟೆನೆನ್ಸ್ ವಾಶ್‌ಗೆ ಬಂದಿಲ್ಲ, ವಾರಂಟಿ ಹೋಯ್ತು." ಕಾರ್ಡ್ ತೆಗೆದು ನೋಡಿದರೆ ಅದರಲ್ಲಿ 'ವೀಲ್' ಅನ್ನುವ ಜಾಗ ಖಾಲಿ ಬಿಟ್ಟಿದ್ದಾರೆ. ಕಾರಿನ 'ಬಾಡಿ' ಅನ್ನುವ ಜಾಗದಲ್ಲಿ ಮಾತ್ರ ಸೀಲ್. ಕೊನೆಗೆ, "ಬನ್ನಿ ಸಾರ್, ಒಂದು ವಾಶ್ ಫ್ರೀ ಮಾಡಿಕೊಡ್ತೀವಿ." ದುಡ್ಡು ವಾಪಸ್ ಬಂದಿಲ್ಲ. ಈಗ ಫೋನೂ ಎತ್ತುತ್ತಿಲ್ಲ. ಭಾವನಿಗೆ ಏನು ಹೇಳಲಿ? ಅವರ ಕಾರನ್ನೂ ಅವತ್ತೇ ಸಂಜೆ "ರೆಡಿ" ಅಂತ ಕೊಟ್ಟಿದ್ದರು.

ಹಾಗಾದರೆ ಮಾಡಿಸಬೇಕಾ? ಚಕ್ರ ಹೊಸದಾಗಿದ್ದು, ನಿಮ್ಮ ಕಣ್ಣೆದುರಿಗೇ ಬಿಚ್ಚಿ, ಐರನ್ ರಿಮೂವರ್, ಟಾರ್ (ಡಾಂಬರು) ತೆಗೆಯುವುದು, ಕ್ಲೇ (ಜೇಡಿಯಂಥ ಉಂಡೆಯಿಂದ ಉಜ್ಜಿ ಅಂಟಿದ ಕೊಳೆ ತೆಗೆಯುವುದು), ಎಲ್ಲ ಆದ ಮೇಲೆ ಒಣಗಿಸಿ ಹಾಕುತ್ತಾರಾದರೆ ಮಾಡಿಸಿ. ಕಾರು ಒಂದು ರಾತ್ರಿ ಅಲ್ಲೇ ಇರಲಿ. ವಾಪಸ್ ಹಾಕುವಾಗ ನಟ್ ಅನ್ನು, ಬಿಗಿ ಎಷ್ಟು ಅಂತ ಅಳೆಯುವ ಟಾರ್ಕ್ ರೆಂಚ್‌ನಲ್ಲೇ ಬಿಗಿ ಮಾಡಿಸಿ. ಸ್ಟೀಲ್ ಚಕ್ರಕ್ಕೆ ಪ್ಲಾಸ್ಟಿಕ್ ಕವರ್ ಇದ್ದರೆ ಈ ಖರ್ಚೇ ಬೇಡ. ಲ್ಯಾಕರ್ ಒಳಗೆ ಆಗಲೇ ಬಿಳಿ ಬಳ್ಳಿ ಹಬ್ಬಿದ ಹಾಗೆ ಕಾಣುತ್ತಿದ್ದರೆ ಮೊದಲು ಅದನ್ನು ರಿಪೇರಿ ಮಾಡಿಸಿ, ಮೇಲೆ ಕೋಟಿಂಗ್ ಬಳಿದರೆ ನಿಲ್ಲುವುದಿಲ್ಲ. ಬಿಲ್‌ನಲ್ಲಿ "ನಾಲ್ಕು ಚಕ್ರ, ಒಳಗೆ ಮತ್ತು ಹೊರಗೆ, ಬಿಚ್ಚಿ" ಅಂತ ಬರೆಸಿ. ಬರೆಯಲ್ಲ ಅಂದರೆ ಎದ್ದು ಬನ್ನಿ.

ಈಗಾಗಲೇ ಎಲ್ಲಾದರೂ ಮಾಡಿಸಿರುವವರು ಚಕ್ರ ತಣ್ಣಗಿದ್ದಾಗ ಬೆರಳಿಗೆ ಬಿಳಿ ಬಟ್ಟೆ ಸುತ್ತಿ ಸ್ಪೋಕ್ ಹಿಂದೆ ತೂರಿಸಿ ಒಮ್ಮೆ ಎಳೆಯಿರಿ. ಕಪ್ಪು ಪುಡಿ ಬಂದರೆ ಅದು ಹೊಸ ಧೂಳಿರಬಹುದು, ತೊಳೆದರೆ ಹೋಗುತ್ತದೆ. ಉಗುರಿಗೆ ಒರಟಾಗಿ ಗಟ್ಟಿ ಹಕ್ಕಳೆ ಸಿಕ್ಕಿದರೆ ಮಾತ್ರ ತೊಳೆಯಬೇಡಿ, ಏನೂ ಮುಟ್ಟಬೇಡಿ. ಮೊದಲು ಟೈರ್ ಅಂಗಡಿಯಲ್ಲಿ ಚಕ್ರ ಬಿಚ್ಚಿಸಿ ಫೋಟೋ ತೆಗೆದುಕೊಳ್ಳಿ. ಜಗಳ ಆಮೇಲೆ.